ಪೊಲೀಸರ ಮಾತನ್ನು ಕರಾವಳಿ ಏಕೆ ನಂಬಲಿಲ್ಲ?

2017ರ ಡಿಸೆಂಬರ್ 11ರಂದು ಕುಮಟಾದಲ್ಲಿ ಗುಂಪೊಂದು ಪಶ್ಚಿಮ ವಲಯದ ಐಜಿಪಿಯವರ ಕಾರಿಗೇ ಬೆಂಕಿ ಹಚ್ಚಿತು. ಅದಕ್ಕೆ ಮೂರು ದಿನ ಮೊದಲು ಹೊನ್ನಾವರದ ಶೆಟ್ಟಿಕೆರೆಯಲ್ಲಿ ಅದೇ ಊರಿನ ಯುವಕನೊಬ್ಬನ ಶವ ತೇಲಿತ್ತು. ಡಿಸೆಂಬರ್ 6ರಂದು ಪಟ್ಟಣದಲ್ಲಿ ಎರಡು ಕೋಮುಗಳ ನಡುವೆ ಗಲಾಟೆಯಾದಾಗಿನಿಂದ ಆತ ಕಾಣೆಯಾಗಿದ್ದ. ಶವ ಸಿಕ್ಕ ಕೆಲವೇ ಗಂಟೆಗಳಲ್ಲಿ ಮೊಬೈಲಿನಿಂದ ಮೊಬೈಲಿಗೆ ಸುದ್ದಿ ಹರಿಯತೊಡಗಿತು. ಕೈಕಾಲು ಕಡಿದಿದ್ದಾರಂತೆ, ಕುದಿಯುವ ಎಣ್ಣೆ ಸುರಿದಿದ್ದಾರಂತೆ, ಕೈಮೇಲಿನ ಹಚ್ಚೆಯನ್ನು ಕೆತ್ತಿ ತೆಗೆದಿದ್ದಾರಂತೆ. ಹೊನ್ನಾವರ ಹೊತ್ತಿತು, ಕುಮಟಾ ಹೊತ್ತಿತು, ಮಾರನೆಯ ದಿನ ಘಟ್ಟ ಹತ್ತಿ ಶಿರಸಿಗೂ ಹೋಯಿತು. ಅಶ್ರುವಾಯು, ಲಾಠಿ, ನಿಷೇಧಾಜ್ಞೆ, ಬಂದ್. ಒಂದು ವಾರ ಉತ್ತರ ಕನ್ನಡದ ಕರಾವಳಿಯಲ್ಲಿ ಬಸ್ಸು ಓಡುವುದೇ ಅನುಮಾನ ಎನ್ನುವ ಸ್ಥಿತಿ.

ಪೊಲೀಸರು ಸುಮ್ಮನಿರಲಿಲ್ಲ. ಮಣಿಪಾಲದ ವಿಧಿವಿಜ್ಞಾನ ತಜ್ಞರಿಂದ ಒಂದೊಂದು ವದಂತಿಗೂ ಉತ್ತರ ಬರೆಸಿ ಪ್ರಕಟಿಸಿದರು. ಆಯುಧದ ಗಾಯವಿಲ್ಲ, ಸುಟ್ಟ ಗುರುತಿಲ್ಲ, ಹಚ್ಚೆ ಇದ್ದಂತೆಯೇ ಇದೆ ಎಂದರು. ಯಾರೂ ನಂಬಲಿಲ್ಲ. ಸರ್ಕಾರ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. 2022ರ ಅಕ್ಟೋಬರಿನಲ್ಲಿ ಸಿಬಿಐ ಹೊನ್ನಾವರದ ನ್ಯಾಯಾಲಯಕ್ಕೆ ಅಂತಿಮ ವರದಿ ಕೊಟ್ಟಿತು. ಕೊಲೆಯಲ್ಲ, ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಆದ ಸಾವು ಎಂಬುದು ಅದರ ನಿರ್ಣಯ. ಅಷ್ಟರಲ್ಲಿ ಒಂದು ವಿಧಾನಸಭಾ ಚುನಾವಣೆ, ಒಂದು ಲೋಕಸಭಾ ಚುನಾವಣೆ ಮುಗಿದುಹೋಗಿದ್ದವು.

ಈ ಐದು ವರ್ಷಗಳ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ವದಂತಿ ಹಬ್ಬಿಸಿದವರನ್ನು ಬೈದು ನಿಲ್ಲಿಸುತ್ತಾರೆ. ಬೈಯುವುದು ಸರಿಯೇ. ವೇದಿಕೆಯ ಮೇಲೆ ನಿಂತು ಕೂಗಿದವರಿಗೆ ಮತ ಸಿಕ್ಕಿತು, ಬೀದಿಗಿಳಿದ ಹುಡುಗರಿಗೆ ಎಫ್‌ಐಆರ್ ಸಿಕ್ಕಿತು. ಆದರೆ ಇನ್ನೊಂದು ಪ್ರಶ್ನೆ ಅಲ್ಲಿಯೇ ಉಳಿದಿದೆ. ವೈದ್ಯರ ಸಹಿ ಇದ್ದ ಕಾಗದವನ್ನು ಹಿಡಿದುಕೊಂಡು ಪೊಲೀಸರು ಎದುರು ನಿಂತಾಗಲೂ ಜನ ಅದಕ್ಕಿಂತ ಯಾರೋ ಕಳಿಸಿದ ಫೋಟೊವನ್ನೇ ಏಕೆ ನಂಬಿದರು? ಕೋಮುದ್ವೇಷ ಎಂದು ಒಂದೇ ಮಾತಿನಲ್ಲಿ ಉತ್ತರಿಸಿದರೆ ಅರ್ಧ ಮಾತ್ರ ಉತ್ತರಿಸಿದಂತೆ. ಆ ದಿನ ಪೊಲೀಸರು ಹೇಳಿದ್ದು ನಿಜ. ನಿಜ ಹೇಳಿದ ದಿನವೂ ನಂಬಿಕೆ ಸಿಗದಷ್ಟು ಅವರ ಮಾತು ಸವೆದುಹೋಗಿತ್ತು. ಆ ಸವೆತಕ್ಕೆ ದೊಡ್ಡ ಕಾರಣ, ಲೆಕ್ಕ ಕೊಡದೆ ಬೀಸಿದ ಲಾಠಿ.

ಲಾಠಿಯನ್ನು ಬಳಸಲೇಬಾರದು ಎಂದು ಇಲ್ಲಿ ವಾದವಿಲ್ಲ. ಕಲ್ಲು ತೂರುತ್ತಿರುವ ಗುಂಪಿನ ಮುಂದೆ ಕೈಕಟ್ಟಿ ನಿಲ್ಲಿ ಎಂದು ಯಾವ ಪೇದೆಗೂ ಹೇಳಲಾಗದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಮು ಐದು ಅಥವಾ ಹೆಚ್ಚು ಜನರ ಕಾನೂನುಬಾಹಿರ ಗುಂಪನ್ನು ಚದುರಿಸುವ ಅಧಿಕಾರ ಕೊಡುತ್ತದೆ. ಆದರೆ ಮೊದಲು ಚದುರಿ ಎಂದು ಆಜ್ಞೆ ಹೊರಡಬೇಕು, ಕೇಳದಿದ್ದರಷ್ಟೇ ಬಲ. 46ನೇ ಕಲಮು ಇನ್ನೂ ಸರಳ: ಬಂಧಿತ ತಪ್ಪಿಸಿಕೊಂಡು ಹೋಗದಂತೆ ತಡೆಯಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಅವನನ್ನು ಬಿಗಿಯಕೂಡದು. ಕಾನೂನು ಬಲವನ್ನು ಔಷಧಿಯ ಪ್ರಮಾಣದಂತೆ ಅಳೆದು ಕೊಟ್ಟಿದೆ. ಆ ಅಳತೆ ಮೀರಿತೋ ಇಲ್ಲವೋ ಎಂದು ನೋಡುವವರಾರು ಎಂಬುದೇ ತಕರಾರು. ಮರುದಿನದ ಪತ್ರಿಕೆಯಲ್ಲಿ ‘ಪೊಲೀಸರು ಲಘು ಲಾಠಿ ಪ್ರಹಾರ ನಡೆಸಿ ಗುಂಪನ್ನು ಚದುರಿಸಿದರು’ ಎಂಬ ಒಂದು ಸಾಲು ಬರುತ್ತದೆ. ಯಾರು ಆದೇಶ ಕೊಟ್ಟರು, ಎಷ್ಟು ಜನರಿಗೆ ಪೆಟ್ಟಾಯಿತು, ಆಸ್ಪತ್ರೆಗೆ ಹೋದವರೆಷ್ಟು ಎಂಬುದು ಊರಿನವರ ಕಣ್ಣಿಗೆ ಬೀಳುವುದೇ ಇಲ್ಲ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಶರಾವತಿ ಸಮುದ್ರ ಸೇರುವ ಜಾಗಕ್ಕೆ ಹೋಗಬೇಕು. ಹೊನ್ನಾವರದ ಸೇತುವೆ ದಾಟಿ ದಕ್ಷಿಣಕ್ಕೆ ಬಂದರೆ ಕಾಸರಕೋಡು. ಅದರ ಒಂದು ಕಡೆ ಇಕೋ ಬೀಚ್, 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕ ಕಡಲತೀರ, ಪ್ರವಾಸಿಗರ ಫೋಟೊಗಳಿಗೆ ಹೇಳಿಮಾಡಿಸಿದ ಜಾಗ. ಇನ್ನೊಂದು ಕಡೆ ಟೊಂಕಾ. ಮರಳಿನ ಮೇಲೆ ಮೀನು ಒಣಗಿಸುವ ಹೆಂಗಸರು, ದಡಕ್ಕೆ ಎಳೆದಿಟ್ಟ ದೋಣಿಗಳು, ಚಳಿಗಾಲದಲ್ಲಿ ಮೊಟ್ಟೆಯಿಡಲು ಬರುವ ಕಡಲಾಮೆಗಳು. ಹಿಂದೂ, ಮುಸ್ಲಿಂ, ಕ್ರೈಸ್ತ ಮೀನುಗಾರ ಕುಟುಂಬಗಳು ಒಂದೇ ಕಡಲನ್ನು ನಂಬಿ ಬದುಕುವ ಊರು ಇದು. 2010ರಲ್ಲಿ ಸರ್ಕಾರ ಇಲ್ಲಿ ಬಂದರು ಕಟ್ಟಲು ಖಾಸಗಿ ಕಂಪನಿಯೊಂದಕ್ಕೆ ಜಾಗ ಕೊಟ್ಟಿತು. ತಮ್ಮ ಮನೆ, ಮೀನು ಒಣಗಿಸುವ ನೆಲ, ದೋಣಿ ನಿಲ್ಲಿಸುವ ಅಳಿವೆ ಎಲ್ಲವೂ ಹೋಗುತ್ತದೆ ಎಂದು ಮೀನುಗಾರರು ಎದ್ದು ನಿಂತರು. ಬಂದರು ಬೇಕೋ ಬೇಡವೋ ಎಂಬುದು ಬೇರೆಯೇ ಚರ್ಚೆ. ಇಲ್ಲಿ ನೋಡಬೇಕಾದದ್ದು ಆ ಚರ್ಚೆಯ ನಡುವೆ ಪೊಲೀಸರು ಎಲ್ಲಿ ನಿಂತರು ಎಂಬುದನ್ನು.

2022ರ ಜನವರಿಯಲ್ಲಿ ಬಂದರಿನ ರಸ್ತೆ ಕೆಲಸಕ್ಕೆ ಯಂತ್ರಗಳು ಬಂದಾಗ ಹೆಂಗಸರು ಅಡ್ಡ ಕುಳಿತರು. ಪೊಲೀಸರು ಅವರನ್ನು ಬಂಧಿಸಿ ವ್ಯಾನಿಗೆ ಹತ್ತಿಸಿದರು. 2024ರ ಜನವರಿ ಕೊನೆಯಲ್ಲಿ ಮತ್ತೆ ನಿಷೇಧಾಜ್ಞೆ, ಮತ್ತೆ ಬಂಧನ. 2025ರ ಫೆಬ್ರುವರಿ 25ರಂದು ಸರ್ವೆ ಮಾಡಲು ಅಧಿಕಾರಿಗಳು ದೊಡ್ಡ ಪೊಲೀಸ್ ಪಡೆಯೊಂದಿಗೆ ಬಂದಾಗ ಜನ ಸಮುದ್ರಕ್ಕೇ ಇಳಿದರು. ಶಾಲಾ ಮಕ್ಕಳೂ ಹೆಂಗಸರೂ ಅಲೆಗಳ ನಡುವೆ ನಿಂತ ದೃಶ್ಯ ರಾಜ್ಯವೆಲ್ಲ ನೋಡಿತು. ನೆಲದ ಮೇಲೆ ಮಾತು ಕೇಳುವವರಿಲ್ಲ ಎಂದಾದಾಗ ನೀರಿಗೆ ಇಳಿಯುವುದು ಪ್ರತಿಭಟನೆಯ ಕೊನೆಯ ಮೆಟ್ಟಿಲು. ಅಲ್ಲಿಯವರೆಗೆ ತಲುಪುವ ಮೊದಲು ಹತ್ತು ಮೆಟ್ಟಿಲುಗಳಿದ್ದವು. ತಹಶೀಲ್ದಾರರು, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ, ಶಾಸಕರು, ಸಚಿವರು. ಆ ಭಾಗವನ್ನು ಪ್ರತಿನಿಧಿಸುವ ಶಾಸಕರೇ 2023ರಿಂದ ಮೀನುಗಾರಿಕೆ ಮತ್ತು ಬಂದರು ಸಚಿವರು. ಇಷ್ಟು ಜನರಿದ್ದೂ ಕೊನೆಗೆ ಟೊಂಕಾದ ಹೆಂಗಸಿನ ಎದುರು ಸರ್ಕಾರವೆಂದು ನಿಂತದ್ದು ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿನ ಮಹಿಳಾ ಕಾನ್‌ಸ್ಟೆಬಲ್‌ಗಳು. ಆ ಹುಡುಗಿಯರಲ್ಲಿ ಎಷ್ಟೋ ಜನರ ಮನೆಯಲ್ಲೂ ಅಮ್ಮಂದಿರು ಇಂಥದೇ ಕೂಲಿ ಮಾಡಿ ಅವರನ್ನು ಓದಿಸಿರುತ್ತಾರೆ.

ರಾಜಕೀಯ ಬಗೆಹರಿಸಬೇಕಾದದ್ದನ್ನು ಪೊಲೀಸರ ತಲೆಗೆ ಕಟ್ಟುವುದು ನಮ್ಮ ಆಡಳಿತದ ಹಳೆಯ ಚಾಳಿ. 1980ರ ಜುಲೈನಲ್ಲಿ ನರಗುಂದದಲ್ಲಿ ನೀರಿನ ಕರದ ವಿರುದ್ಧ ರೈತರು ಎದ್ದಾಗ ಗುಂಡು ಹಾರಿತು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿ ಇಬ್ಬರು ಸತ್ತರು. ಗೊಬ್ಬರ ತರಿಸದೆ ಇದ್ದದ್ದು ಹಾವೇರಿಯ ಪೇದೆಯಲ್ಲ. ಆದರೆ ರೈತನ ನೆನಪಿನಲ್ಲಿ ಉಳಿದದ್ದು ಖಾಕಿ ಬಟ್ಟೆ.

ಉತ್ತರ ಕನ್ನಡಕ್ಕೆ ಈ ನೆನಪು ಇನ್ನೂ ಹಿಂದಕ್ಕೆ ಹೋಗುತ್ತದೆ. 1930ರ ಏಪ್ರಿಲ್ಲಿನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದವರು, ಅದರ ಬೆನ್ನಿಗೇ ಅಂಕೋಲಾ, ಸಿದ್ದಾಪುರಗಳಲ್ಲಿ ಕರ ನಿರಾಕರಿಸಿ ಜಮೀನು ಕಳೆದುಕೊಂಡವರು ಈ ಜಿಲ್ಲೆಯ ಹೆಮ್ಮೆ. ಅಂದು ಕಾನೂನು ಮುರಿದವರಿಗೆ ಇಂದು ಸ್ಮಾರಕಗಳಿವೆ, ಆಗಸ್ಟ್ 15ರಂದು ಅವುಗಳ ಮುಂದೆ ನಿಂತು ವಂದನೆ ಸಲ್ಲಿಸುವವರು ಪೊಲೀಸರೇ. ಈ ವಿಚಿತ್ರವನ್ನು ಯಾರೂ ಗಮನಿಸುವುದಿಲ್ಲ.

ಇನ್ನು ಭಟ್ಕಳ. ಇಲ್ಲಿ ಪ್ರಶ್ನೆ ಬೇರೆ ರೂಪ ತಾಳುತ್ತದೆ. 1993ರಲ್ಲಿ ರಾಮನವಮಿಯ ಹೊತ್ತಿಗೆ ಶುರುವಾದ ಗಲಭೆ ತಿಂಗಳುಗಟ್ಟಲೆ ಉರಿಯಿತು, ಹದಿನೇಳು ಮಂದಿ ಸತ್ತರು. ತನಿಖೆಗೆ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ನೇಮಕವಾಯಿತು. 1996ರ ಏಪ್ರಿಲ್ 10ರಂದು ಶಾಸಕ ಡಾ. ಯು. ಚಿತ್ತರಂಜನ್ ಅವರನ್ನು ಗುಂಡಿಕ್ಕಿ ಕೊಂದರು. ಕೊಂದವರು ಯಾರೆಂಬುದು ಯಾವ ನ್ಯಾಯಾಲಯದಲ್ಲೂ ಸಾಬೀತಾಗಲಿಲ್ಲ. ಒಂದು ಊರಿನ ಜನಪ್ರಿಯ ವೈದ್ಯ, ಶಾಸಕ ಸತ್ತು ಮೂರು ದಶಕಗಳಾಗುತ್ತಾ ಬಂದರೂ ಅಪರಾಧಿ ಸಿಗದಿದ್ದರೆ ಆ ಊರಿನ ಹಿಂದೂಗಳು ಪೊಲೀಸರ ಮೇಲೆ ಯಾವ ಭರವಸೆ ಇಡಬೇಕು? ಮುಂದೆ ಇಂಡಿಯನ್ ಮುಜಾಹಿದೀನ್ ಎಂಬ ಭಯೋತ್ಪಾದಕ ಸಂಘಟನೆಯ ಪ್ರಕರಣಗಳಲ್ಲಿ ಊರಿನ ಹೆಸರು ಆರೋಪಿಗಳ ಹೆಸರಿಗೆ ಅಂಟಿಕೊಂಡಿತು. 2013ರ ಆಗಸ್ಟಿನಲ್ಲಿ ಆ ಸಂಘಟನೆಯ ಯಾಸೀನ್ ಭಟ್ಕಳ ನೇಪಾಳದ ಗಡಿಯಲ್ಲಿ ಸಿಕ್ಕಿಬಿದ್ದ, ಹೈದರಾಬಾದ್ ಸ್ಫೋಟದ ಪ್ರಕರಣದಲ್ಲಿ ಅವನಿಗೆ ಮರಣದಂಡನೆಯಾಯಿತು. ಅದು ಆ ಅಪರಾಧಿಗೆ ಆದ ಶಿಕ್ಷೆ. ಆದರೆ ದುಬೈಗೆ ಕೆಲಸಕ್ಕೆ ಹೊರಟ ಭಟ್ಕಳದ ನವಾಯತ ಮುಸ್ಲಿಂ ಹುಡುಗ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತೆಗೆದು ಕೊಟ್ಟಾಗ, ಊರಿನ ಹೆಸರು ನೋಡಿದ ಅಧಿಕಾರಿಯ ಹುಬ್ಬು ಮೇಲೇರುವುದು ಯಾವ ತೀರ್ಪಿನಲ್ಲೂ ಬರೆಯದ ಶಿಕ್ಷೆ. ಆ ಊರಿನ ಎರಡೂ ಕೋಮುಗಳಿಗೆ ಪೊಲೀಸರ ಬಗ್ಗೆ ದೂರಿದೆ. ದೂರುಗಳು ಒಂದಕ್ಕೊಂದು ವಿರುದ್ಧ, ಅಪನಂಬಿಕೆ ಮಾತ್ರ ಒಂದೇ.

ಈ ಅಪನಂಬಿಕೆ ಭಟ್ಕಳದವರ ಬರೀ ಕಲ್ಪನೆ ಎಂದು ತಳ್ಳಿಹಾಕುವವರು 2019ರ ಒಂದು ಅಧ್ಯಯನ ನೋಡಬೇಕು. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್‌ನ ಲೋಕನೀತಿ ವಿಭಾಗ 21 ರಾಜ್ಯಗಳಲ್ಲಿ ಸುಮಾರು 12 ಸಾವಿರ ಪೊಲೀಸರನ್ನು ಮಾತನಾಡಿಸಿ ಬರೆದ ವರದಿ ಅದು. ಮುಸ್ಲಿಮರು ಸ್ವಭಾವತಃ ಅಪರಾಧದತ್ತ ವಾಲುತ್ತಾರೆ ಎಂಬ ಭಾವನೆ ಪೊಲೀಸರಲ್ಲಿ ಅರ್ಧದಷ್ಟು ಮಂದಿಗೆ ಇತ್ತು. ಅಪರಾಧಿಗಳ ಮೇಲೆ ಕೈಮಾಡುವುದು ಸರಿ ಎಂದವರು ನಾಲ್ವರಲ್ಲಿ ಮೂವರು. ಈ ಎರಡು ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು. ಯಾರು ಅಪರಾಧಿ ಎಂಬುದು ಹೆಸರು ಕೇಳಿದಾಗಲೇ ಅರ್ಧ ತೀರ್ಮಾನವಾಗುವುದಾದರೆ, ಅಪರಾಧಿಗೆ ಹೊಡೆಯಬಹುದು ಎಂಬ ನಂಬಿಕೆ ಯಾರ ಬೆನ್ನಿನ ಮೇಲೆ ಇಳಿಯುತ್ತದೆ?

ಹೆಸರಿಗಿಂತ ಮೊದಲು ಮೈಬಣ್ಣವೇ ಮಾತಾಡಿಬಿಡುವವರೂ ಈ ಜಿಲ್ಲೆಯಲ್ಲಿದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಿನ ಅಂಚಿನ ಸಿದ್ದಿಗಳು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಆಫ್ರಿಕಾದಿಂದ ಬಂದವರ ಸಂತತಿ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆದರೂ ಸಿದ್ದಿ ಯುವಕ ಕೆಲಸ ಹುಡುಕಿ ಬೆಂಗಳೂರಿಗೆ ಹೋದರೆ ‘ಯಾವ ದೇಶ?’ ಎಂದು ಕೇಳಿಸಿಕೊಳ್ಳುತ್ತಾನೆ, ಅಚ್ಚ ಕನ್ನಡದಲ್ಲಿ ಉತ್ತರ ಕೊಟ್ಟಾಗ ಕೇಳಿದವನೇ ಪೆಚ್ಚಾಗುತ್ತಾನೆ. ಬೆಂಗಳೂರಿನಲ್ಲಿ ಆ ಪ್ರಶ್ನೆ ಸುಮ್ಮನೆ ಕುತೂಹಲದ ಪ್ರಶ್ನೆಯಲ್ಲ. 2016ರ ಜನವರಿ 31ರಂದು ಸೋಲದೇವನಹಳ್ಳಿ ಠಾಣೆಯ ವ್ಯಾಪ್ತಿಯಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಮಹಿಳೆಯೊಬ್ಬರನ್ನು ಬಲಿ ತೆಗೆದುಕೊಂಡಿತು. ಅದೇ ದಾರಿಯಲ್ಲಿ ಸ್ವಲ್ಪ ಹೊತ್ತಿನ ನಂತರ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಎಳೆದು ಹೊಡೆಯಿತು, ಬಟ್ಟೆ ಹರಿಯಿತು, ಕಾರು ಸುಟ್ಟಿತು. ಆಕೆ ಸುಡಾನಿನವಳಲ್ಲ, ಅಪಘಾತಕ್ಕೂ ಆಕೆಗೂ ಸಂಬಂಧವಿಲ್ಲ, ಮೈಬಣ್ಣವೊಂದೇ ಸಂಬಂಧ. ಸ್ಥಳದಲ್ಲಿದ್ದ ಪೊಲೀಸರು ನೆರವಿಗೆ ಬರಲಿಲ್ಲ ಎಂಬುದು ಆಕೆಯ ದೂರು. ಹಲವರನ್ನು ಅಮಾನತು ಮಾಡಲಾಯಿತು. ಅಂದಿನ ಗೃಹ ಸಚಿವರು ಇದು ಜನಾಂಗೀಯ ದಾಳಿಯಲ್ಲ ಎಂದರು. ಹಾಗಾದರೆ ಏನು ಎಂದು ಕೇಳಿದವರಿಗೆ ಸರಿಯಾದ ಉತ್ತರ ಸಿಗಲಿಲ್ಲ. 2021ರ ಆಗಸ್ಟ್ 2ರಂದು ಜೆ.ಸಿ. ನಗರ ಠಾಣೆಯ ವಶದಲ್ಲಿದ್ದ ಕಾಂಗೋ ದೇಶದ ಯುವಕನೊಬ್ಬ ಸತ್ತ. ಠಾಣೆಯ ಮುಂದೆ ಸೇರಿದ ಆಫ್ರಿಕನ್ನರ ಮೇಲೆ ಲಾಠಿ ಬೀಸಲಾಯಿತು. ಸಾವು ಹೇಗಾಯಿತೆಂದು ಪೊಲೀಸರು ಹೇಳಿದರು. ಅಳುತ್ತಾ ಬಂದವರಿಗೆ ಹೊಡೆದ ಮೇಲೆ ಹೇಳಿದ ಕಾರಣವನ್ನು ಆ ಜನ ಹೇಗೆ ಒಪ್ಪಬೇಕಿತ್ತು?

ಬಣ್ಣದ ಜೊತೆ ಜಾತಿಯೂ ಇದೆ. 2021ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ ದಲಿತ ಯುವಕನೊಬ್ಬನಿಗೆ ಮೂತ್ರ ನೆಕ್ಕಿಸಿದ ಆರೋಪ ಪಿಎಸ್ಐ ಮೇಲೆ ಬಂತು, ಆ ಅಧಿಕಾರಿ ಬಂಧನಕ್ಕೊಳಗಾದರು. ಅಂಥ ಆರೋಪ ಮೇಲ್ಜಾತಿಯ, ಕಾಸಿರುವ ಮನೆಯ ಹುಡುಗನ ವಿಷಯದಲ್ಲಿ ಯಾವ ಠಾಣೆಯಿಂದಲೂ ಕೇಳಿಬರುವುದಿಲ್ಲ.

ಅಮೆರಿಕದಲ್ಲಿ ಮಕ್ಕಳಿರುವ ಕುಮಟಾ, ಹೊನ್ನಾವರದ ಮನೆಗಳಲ್ಲಿ ಇದೇ ವಿಷಯ ಬೇರೆ ಬಾಗಿಲಿನಿಂದ ಒಳಬರುತ್ತದೆ. 2015ರ ಫೆಬ್ರುವರಿಯಲ್ಲಿ ಅಲಬಾಮಾದ ಮ್ಯಾಡಿಸನ್ ಎಂಬ ಊರಿನಲ್ಲಿ, ಮೊಮ್ಮಗುವನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದ ಅಜ್ಜ ಬೆಳಗಿನ ವಾಕಿಂಗ್‌ಗೆ ಹೊರಟಿದ್ದರು. ಯಾರೋ ಅನುಮಾನಾಸ್ಪದ ವ್ಯಕ್ತಿ ಎಂದು ಪೊಲೀಸರಿಗೆ ಫೋನ್ ಮಾಡಿದರು. ಬಂದ ಅಧಿಕಾರಿ ಅಜ್ಜನನ್ನು ನೆಲಕ್ಕೆ ಅಪ್ಪಳಿಸಿದ, ಅವರಿಗೆ ಪಾರ್ಶ್ವವಾಯು ಬಡಿದಂತಾಯಿತು. ಇಂಗ್ಲಿಷ್ ಬಾರದೆ ಅವರು ಹೇಳಲು ಪ್ರಯತ್ನಿಸಿದ್ದೆಲ್ಲ ಪೊಲೀಸ್ ಕಾರಿನ ಕ್ಯಾಮೆರಾದಲ್ಲಿ ದಾಖಲಾಗಿತ್ತು. ಎರಡು ಬಾರಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಅಧಿಕಾರಿ ಖುಲಾಸೆಯಾದ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಅಲ್ಲಿನ ಪೊಲೀಸರ ಮೊದಲ ಪ್ರಕಟಣೆ, ಆತ ಬಂಧನದ ವೇಳೆ ಅಸ್ವಸ್ಥನಾಗಿ ಸತ್ತ ಎಂಬರ್ಥದಲ್ಲಿತ್ತು. ಕುತ್ತಿಗೆಯ ಮೇಲೆ ಒತ್ತಿದ ಮೊಣಕಾಲಿನ ಸುದ್ದಿ ಅದರಲ್ಲಿರಲಿಲ್ಲ. ಹದಿನೇಳು ವರ್ಷದ ಹುಡುಗಿಯೊಬ್ಬಳ ಮೊಬೈಲಿನಲ್ಲಿ ಅದು ಸಿಕ್ಕಿತು. ಮುಂದಿನ ವರ್ಷ ಆ ಅಧಿಕಾರಿಗೆ ಇಪ್ಪತ್ತೆರಡೂವರೆ ವರ್ಷ ಶಿಕ್ಷೆಯಾಯಿತು. ಒಂದು ಸುಳ್ಳು ಪ್ರಕಟಣೆ ಮುಂದಿನ ನೂರು ನಿಜವಾದ ಪ್ರಕಟಣೆಗಳನ್ನು ಕೊಲ್ಲುತ್ತದೆ. ಹೊನ್ನಾವರದ ಪೊಲೀಸರು ಯಾವ ಸುಳ್ಳನ್ನೂ ಹೇಳದೆ, ಬೇರೆ ಠಾಣೆಗಳು ಬೇರೆ ಕಾಲದಲ್ಲಿ ಹೇಳಿದ್ದಕ್ಕೆ ಬೆಲೆ ತೆತ್ತರು.

ಖಾಕಿಯೊಳಗಿನ ಮನುಷ್ಯನ ಕಡೆಗೂ ನೋಡಬೇಕು. ರಾಜ್ಯದಲ್ಲಿ ಪೇದೆಗಳು ರಜೆ, ಸಂಬಳ, ಮೇಲಧಿಕಾರಿಗಳ ಬೈಗುಳದ ವಿರುದ್ಧ 2016ರ ಜೂನ್‌ನಲ್ಲಿ ಸಾಮೂಹಿಕ ರಜೆಯ ಮಾತೆತ್ತಿದಾಗ ಸರ್ಕಾರ ಬೆಚ್ಚಿಬಿದ್ದಿತ್ತು. ಔರಾದಕರ್ ಸಮಿತಿಯ ವರದಿಯ ನಂತರ ಸಂಬಳ ಒಂದಿಷ್ಟು ಏರಿತು. 2025ರ ಅಕ್ಟೋಬರಿನಲ್ಲಿ ಹಳೆಯ ಸ್ಲೋಚ್ ಹ್ಯಾಟ್ ಹೋಗಿ ಪೇದೆಗಳ ತಲೆಗೆ ನೀಲಿ ಪೀಕ್ ಕ್ಯಾಪ್ ಬಂತು. ಟೋಪಿ ಬದಲಾದದ್ದು ಸಣ್ಣ ವಿಷಯವಲ್ಲ, ಅಧಿಕಾರಿಯ ಟೋಪಿಯಂಥದೇ ಟೋಪಿ ತಮಗೂ ಬೇಕು ಎಂಬುದು ಅವರ ಬಹುಕಾಲದ ಆಸೆಯಾಗಿತ್ತು. ಆದರೆ ‘ಏ ಪೀಸಿ’ ಎಂದು ಕೂಗಿಸಿಕೊಳ್ಳುವ ಪೇದೆ, ಸಂಜೆ ರಸ್ತೆಯಲ್ಲಿ ತರಕಾರಿ ಗಾಡಿಯವನನ್ನು ‘ಏಯ್, ಬಾರೋ ಇಲ್ಲಿ’ ಎಂದು ಕೂಗುತ್ತಾನೆ. ಮೇಲಿನವರು ಕೊಟ್ಟ ಅವಮಾನ ಕೆಳಗಿನವರ ಕೈಗೆ ದಾಟುತ್ತದೆ. ಕುಮಟಾ ತಾಲೂಕಿನ ಒಳನಾಡಿನ ಸಂತೆಗುಳಿಯಿಂದ ಜಮೀನಿನ ಗಡಿ ಜಗಳಕ್ಕೋ, ಕಳುವಾದ ಅಡಿಕೆಗೋ ದೂರು ಕೊಡಲು ಬಂದವನು ಠಾಣೆಯ ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂದು ಒಂದು ಕ್ಷಣ ತಡವರಿಸುತ್ತಾನೆ. ದೂರು ಕೊಡುವುದು ತನ್ನ ಹಕ್ಕು ಎಂದು ಗೊತ್ತಿದ್ದರೂ ಪರಿಚಯದ ರಾಜಕಾರಣಿಯೊಬ್ಬನ ಹೆಸರನ್ನು ಬಾಯಲ್ಲಿ ಸಿದ್ಧವಿಟ್ಟುಕೊಂಡೇ ಬರುತ್ತಾನೆ.

ಗೌರವ ಒಂದು ಕಡೆಯಿಂದ ಮಾತ್ರ ಬರಲಾರದು ಎಂಬುದಕ್ಕೆ ಚಿಕ್ಕಮಗಳೂರೇ ಉದಾಹರಣೆ. 2023ರ ನವೆಂಬರ್ 30ರಂದು ಹೆಲ್ಮೆಟ್ ಹಾಕದ ಯುವ ವಕೀಲರೊಬ್ಬರ ಮೇಲೆ ಪೊಲೀಸರು ಹಲ್ಲೆ ಮಾಡಿದರೆಂದು ರಾಜ್ಯದ ವಕೀಲರು ಕಲಾಪ ಬಿಟ್ಟು ಹೊರಬಂದರು. ಆರು ಪೊಲೀಸರು ಅಮಾನತಾದರು. ಮರುದಿನವೇ ಅಮಾನತು ತಪ್ಪೆಂದು ಪೊಲೀಸರು, ಅವರ ಕುಟುಂಬದವರು ಬೀದಿಗೆ ಬಂದರು. ನ್ಯಾಯ ಕೊಡಿಸುವ ಎರಡು ಕೈಗಳು ಒಂದನ್ನೊಂದು ಹೊಡೆದುಕೊಂಡವು. ವಕೀಲನಿಗೆ ಹೀಗಾದರೆ ಸಂಘವೇ ಎದ್ದು ನಿಲ್ಲುತ್ತದೆ, ಗಾರೆ ಕೆಲಸದವನಿಗೆ ಆದರೆ? ಬಡವನ ಕೋಪ ದವಡೆಗೆ ಮೂಲ ಎಂದು ಹಿರಿಯರು ಹೇಳಿದ್ದು ಇಂಥದನ್ನು ನೋಡಿಯೇ. 2024ರ ಮೇ 24ರ ರಾತ್ರಿ ಚನ್ನಗಿರಿಯಲ್ಲಿ ಠಾಣೆಗೆ ಕರೆತಂದ ವ್ಯಕ್ತಿಯೊಬ್ಬ ಸತ್ತಾಗ ಗುಂಪು ಠಾಣೆಯ ಮೇಲೆಯೇ ನುಗ್ಗಿತು, ಹನ್ನೊಂದು ಪೊಲೀಸರು ಗಾಯಗೊಂಡರು. ಸಾವಿನ ಕಾರಣ ತನಿಖೆಯಿಂದ ತಿಳಿಯುವವರೆಗೆ ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ. ಕಲ್ಲೆಸೆದವರ ಕೆಲಸ ಅಪರಾಧವೇ. ಆದರೆ ತನಿಖೆ ನಡೆದರೂ ಫಲವಿಲ್ಲ ಎಂಬ ಭಾವನೆ ಗಟ್ಟಿಯಾಗಿರುವ ಊರಿನಲ್ಲಿ ಕಲ್ಲಿಗೆ ಕೈ ಬೇಗ ಸಿಗುತ್ತದೆ.

ಇದಕ್ಕೆ ಮದ್ದು ಹೊಸದಾಗಿ ಹುಡುಕಬೇಕಿಲ್ಲ. ಬರೆದಿಟ್ಟಿದೆ, ಓದುವವರಿಲ್ಲ. ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪು ಬಂಧನದ ಪ್ರತಿಯೊಂದು ಹೆಜ್ಜೆಗೂ ನಿಯಮ ಹಾಕಿತು. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿ ರಾಜ್ಯದಲ್ಲೂ ಪ್ರತಿ ಜಿಲ್ಲೆಯಲ್ಲೂ ಪೊಲೀಸ್ ದೂರು ಪ್ರಾಧಿಕಾರ ಇರಬೇಕು, ಜಿಲ್ಲೆಯಲ್ಲಿ ಅದಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಬೇಕು ಎಂದಿತು. ಅದರಂತೆ ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2020ರ ಡಿಸೆಂಬರಿನಲ್ಲಿ ಪ್ರತಿ ಠಾಣೆಯ ಒಳಹೊರಗೂ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ ಮತ್ತೆ ಆದೇಶಿಸಿತು. ಉತ್ತರ ಕನ್ನಡದ ಮಟ್ಟಿಗೆ ಇನ್ನೂ ಹತ್ತಿರದ ಆದೇಶವಿದೆ. 2022ರ ಜೂನ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠ, ಚೆಕ್ ಬೌನ್ಸ್ ಪ್ರಕರಣದಲ್ಲಿ ಬೇಡಿ ಹಾಕಿ ಬೀದಿಯಲ್ಲಿ ನಡೆಸಿಕೊಂಡು ಹೋದ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಬಂಧಿಸುವ ಅಧಿಕಾರಿಗಳಿಗೆ ಮೈಗೆ ಹಾಕುವ ಕ್ಯಾಮೆರಾ ಕೊಡಬೇಕು, ಆ ದೃಶ್ಯವನ್ನೂ ಧ್ವನಿಯನ್ನೂ ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕು ಎಂದಿತು. ಕಾರವಾರದಿಂದ ಭಟ್ಕಳದವರೆಗಿನ ಎಲ್ಲ ಠಾಣೆಗಳೂ ಆ ಪೀಠದ ವ್ಯಾಪ್ತಿಗೆ ಬರುತ್ತವೆ.

ಕ್ಯಾಮೆರಾ ಜನರನ್ನಷ್ಟೇ ಕಾಯುವುದಿಲ್ಲ, ಪೊಲೀಸರನ್ನೂ ಕಾಯುತ್ತದೆ. ಕಾಸರಕೋಡಿನಲ್ಲಿ ಪೊಲೀಸರು ಹೆಂಗಸರನ್ನು ಎಳೆದಾಡಿದರೆಂದು ಮೀನುಗಾರರು ಹೇಳಿದರೆ, ಕಾನೂನಿನಂತೆ ಮಹಿಳಾ ಸಿಬ್ಬಂದಿಯೇ ಬಂಧಿಸಿದರೆಂದು ಇಲಾಖೆ ಹೇಳುತ್ತದೆ. ಇಬ್ಬರ ಮಾತಿಗೂ ಸಾಕ್ಷಿ ಮೊಬೈಲಿನ ತುಣುಕುಗಳು ಮಾತ್ರ. ಯಾರಿಗೆ ಬೇಕಾದ ತುಣುಕು ಅವರ ಕೈಯಲ್ಲಿ. ಇಲಾಖೆಯ ಪೂರ್ತಿ ಚಿತ್ರೀಕರಣ ಇದ್ದು ಅದನ್ನು ದೂರು ಪ್ರಾಧಿಕಾರದ ಮುಂದಿಟ್ಟಿದ್ದರೆ, ತಪ್ಪು ಯಾರದೆಂದು ಜಗಳವಾಡುವ ಅಗತ್ಯ ಅಷ್ಟು ಇರುತ್ತಿರಲಿಲ್ಲ.

ಕ್ಯಾಮೆರಾಕ್ಕೂ ಮೊದಲು ಬೇಕಾದದ್ದು ಮಾತು. 2025ರಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ ಯೋಜನೆಯಲ್ಲಿ ಬೀಟ್ ಪೇದೆಗಳು ಮನೆಗಳಿಗೆ ಹೋಗಿ ಪರಿಚಯ ಮಾಡಿಕೊಳ್ಳಬೇಕು. ಟೊಂಕಾದ ಮೀನು ಒಣಗಿಸುವ ಹೆಂಗಸಿನ ಮನೆಗೆ ಸಮಾಧಾನದ ದಿನ ಬಂದು ನೀರು ಕುಡಿದು ಹೋದ ಪೇದೆ, ಗಲಾಟೆಯ ದಿನ ಆಕೆಯನ್ನು ಹೆಸರು ಹಿಡಿದು ಮಾತಾಡಿಸಬಲ್ಲ. ಆ ಭೇಟಿಗಳು ಫೋಟೊ ತೆಗೆದು ವರದಿ ಕಳಿಸುವ ಕೆಲಸವಾದರೆ ಮಾತ್ರ ಪ್ರಯೋಜನವಿಲ್ಲ.

ಹೊನ್ನಾವರದ ಅಳಿವೆಯಲ್ಲಿ ಬಂದರಿನ ಮುಂದಿನ ಕೆಲಸಕ್ಕೆ ಯಂತ್ರಗಳು ಬರುವ ಮೊದಲು ಜಿಲ್ಲಾಡಳಿತ ಮಾಡಬೇಕಾದ ಕೆಲಸ ಸ್ಪಷ್ಟವಿದೆ. ಮೀನುಗಾರರ ಜೊತೆ ಮಾತುಕತೆ ಸಚಿವರ ಸಮ್ಮುಖದಲ್ಲಿ ಬಹಿರಂಗವಾಗಿ ನಡೆಯಲಿ. ಪಡೆಯನ್ನು ಕಳಿಸುವುದೇ ಆದರೆ ಯಾವ ಅಧಿಕಾರಿಯ ಆದೇಶದಂತೆ ಕಳಿಸಲಾಯಿತು ಎಂಬುದು ಬರವಣಿಗೆಯಲ್ಲಿರಲಿ, ಚಿತ್ರೀಕರಣ ಆರಂಭದಿಂದ ಕೊನೆಯವರೆಗೂ ಇರಲಿ. ಕುಮಟಾ, ಹೊನ್ನಾವರ, ಭಟ್ಕಳದ ಪ್ರತಿ ಠಾಣೆಯ ಗೋಡೆಯ ಮೇಲೂ, ಗ್ರಾಮ ಪಂಚಾಯಿತಿ ಕಚೇರಿಗಳಲ್ಲೂ ಪೊಲೀಸರ ವಿರುದ್ಧ ದೂರು ಕೊಡಬೇಕಾದ ಪ್ರಾಧಿಕಾರದ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆಸಲಿ. ಆರು ತಿಂಗಳಿಗೊಮ್ಮೆ ಎಲ್ಲಿ ಎಷ್ಟು ಸಲ ಲಾಠಿ ಬೀಸಲಾಯಿತು, ಗಾಯಗೊಂಡ ನಾಗರಿಕರೆಷ್ಟು, ಗಾಯಗೊಂಡ ಪೊಲೀಸರೆಷ್ಟು ಎಂಬ ಪಟ್ಟಿಯನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯವರು ಪತ್ರಿಕೆಗಳಿಗೆ ಕೊಡಲಿ. ಎರಡೂ ಕಡೆಯ ಗಾಯಗಳನ್ನು ಒಂದೇ ಕಾಗದದಲ್ಲಿ ಬರೆಯಲಿ.